ಮೂರನೇ ಪೆಟಿಗಿ

೨೨ ಮಾರ್ಚ್ ೨೦೨೫, ಶನಿವಾರ, ಮಾನ್ವಿ

ಅತಿಥಿ ಉಪನ್ಯಾಸಕಿ ಅಂತ ಈ ಕಾಲೇಜಿನಾಗ ಭೌತಶಾಸ್ತ್ರ ಕಲಸಾಕತ್ತು ಒಂಬತ್ತು ವರ್ಷ ಆತು. ಅತಿಥಿ ಅಂತ ಹೆಸರಿಟ್ಟಾರ, ಒಂದು ಕಪ್ ಚಾ ಸೈತ ಕೇಳಿದ ಮ್ಯಾಲೆ ಬರ್ತದ. ಇರಲಿ.

ಜಿಲ್ಲಾ ವಿಜ್ಞಾನ ಮೇಳಕ್ಕ ಒಂದು ಪ್ರಯೋಗ ಕೊಡ್ರಿ ಅಂತ ಪ್ರಿನ್ಸಿಪಾಲರು ಹೇಳಿದ್ರು. ಈ ವರ್ಷ ಜಗತ್ತೆಲ್ಲಾ ಕ್ವಾಂಟಮ್ ವರ್ಷ ಅಂತ ಮಾಡಾಕತ್ತದಲ್ಲ, ನಾನೂ ಹುರುಪಿಗೆ ಬಿದ್ದು 'ಕ್ವಾಂಟಮ್ ಗುಪ್ತಕೀಲಿ' ಅಂತ ಬರದು ಕೊಟ್ಟೆ. ಕೊಟ್ಟ ಮ್ಯಾಲೆ ತಲಿ ಹಿಡಕೊಂಡು ಕುಂತೆ. ವಿಷಯ ಏನೋ ಚೊಲೊ ಅದ. ಬೆಳಕಿನ ಒಂದೊಂದು ಕಣಕ್ಕ ಒಂದು ಗುಣ ಅದ, ಅದನ್ನ ಕದ್ದು ನೋಡಿದ್ರ ಬದಲಾಗಿಬಿಡ್ತದ, ಮೊದಲಿನಂಗ ಮಾಡಿ ಇಡಾಕ ಯಾರಪ್ಪಗೂ ಬರಂಗಿಲ್ಲ. ಅದಕ್ಕ ಗುಟ್ಟಿನ ಮಾತು ಬಿಚ್ಚೋ ಕೀಲಿಯನ್ನ ಆ ಕಣಗಳ ಮ್ಯಾಲೆ ಕಳಿಸಿದ್ರ, ನಡುವ ಯಾರರ ಇಣುಕಿದ್ದು ಆಚಿ ಈಚಿ ಇದ್ದವರಿಗೆ ಗೊತ್ತಾಗ್ತದ. ಆದ್ರ ಒಂದೊಂದೇ ಕಣ ಬಿಡೋ ಯಂತ್ರ ನಾವು ಎಲ್ಲಿಂದ ತರೋದು? ನಮ್ಮ ಲ್ಯಾಬಿನಾಗ ಇರೋ ಲೇಸರ್ ಅಂದ್ರ ಬೆಕ್ಕು ಆಡಸೋ ಟಾರ್ಚು.

ದಾರಿ ತೋರಿಸಿದಾಕಿ ಜಂಬಮ್ಮ. ಬಿಎಸ್ಸಿ ಕೊನೀ ವರ್ಷದ ಹುಡುಗಿ, ದೇವದುರ್ಗ ತಾಲೂಕಿನ ಗೂಗಲ್ ಅನ್ನೋ ಊರಾಕಿ, ಇಲ್ಲಿ ಹಾಸ್ಟೆಲಿನಾಗ ಇರ್ತಾಳ. ಅಜ್ಜಿ ಹೆಸರು ಇಟ್ಟಾರ. ಮಾತು ಕಡಿಮಿ, ಉಗುರು ಕಚ್ಚೋದು ಹೆಚ್ಚು. "ಮೇಡಂ, ಕಾಗದದಾಗ ಮಾಡಾಕ ಬರ್ತದ್ರಿ" ಅಂದ್ಳು. ಮರುದಿನ ಎರಡು ಬಾಯಿ ಇರೋ ಲಕೋಟಿ ಮಾಡ್ಕೊಂಡು ಬಂದ್ಳು. ಎರಡೂ ಬಾಯಿ ಒಳಗ ಒಂದೊಂದು ಟಿಕಳಿ, ಹಣಿಗೆ ಹಚ್ಚೋವೇ, ಕೆಂಪು ಇಲ್ಲಾ ಹಸರು. ಒಂದು ಬಾಯಿ ತೆಗದ್ರ ಒಳಗಿನ ದಾರ ಎಳದು ಇನ್ನೊಂದರ ಟಿಕಳಿ ಹರದು ಹೋಗ್ತದ. ಎರಡೂ ನೋಡಾಕ ಯಾರಿಗೂ ಬರಂಗಿಲ್ಲ. ಒಂದು ಟಿಕಳಿ ಖರೇ, ಇನ್ನೊಂದು ರೂಪಾಯಿ ಚಿಮ್ಮಿಸಿ ಹಚ್ಚಿದ್ದು. ಯಾವುದು ಖರೇ ಅಂತ ಕಳಿಸಿದಾಕಿಗೆ ಮಾತ್ರ ಗೊತ್ತು. ಲಕೋಟಿ ಪಡದವ ಅಂದಾಜಿಗೆ ಒಂದು ಬಾಯಿ ತೆಗದು, ಆಮ್ಯಾಲೆ ಆಕಿನ್ನ ಕೇಳಿ ಖರೇ ಬಾಯಿ ತೆಗದವನ್ನಷ್ಟೇ, ಅಂದ್ರ ಸುಮಾರು ಅರ್ಧ, ಇಟ್ಕೊಂತಾನ; ಆ ಬಣ್ಣಗಳ ಸಾಲೇ ಕೀಲಿ.

ಈಗ ನಡುವ ಕದ್ದು ನೋಡಿದವ ಏನು ಮಾಡಬೇಕು? ಹರದ ಲಕೋಟಿ ಇಡಾಕ ಬರಂಗಿಲ್ಲ, ಹೊಸಾದು ಮಾಡಿ ಇಡಬೇಕು. ಆದ್ರ ಅರ್ಧ ಸಲ ಅಂವ ತಪ್ಪು ಬಾಯಿ ತೆಗದಿರ್ತಾನ, ಖರೇ ಬಣ್ಣ ಯಾವುದಿತ್ತು ಅಂತ ಊಹಿಸಿ ಹಚ್ಚಬೇಕು. ಅಲ್ಲೇ ಸಿಕ್ಕೊಂಡ! ನೂರಕ್ಕ ಇಪ್ಪತ್ತೈದು ಬಣ್ಣ ಕೂಡಂಗಿಲ್ಲ. ಬೆಳಕಿನ ಕಣದಾಗೂ ಲೆಕ್ಕ ಇಷ್ಟೇ.

ಥೂ, ಇದು ನನಗ್ಯಾಕ ಹೊಳಿಲಿಲ್ಲ.

೨೯ ಮಾರ್ಚ್, ಶನಿವಾರ

ನಾಳಿ ಯುಗಾದಿ. ನಮ್ಮ ಮನಿ ಹಿಂದಿನ ಖೋಲ್ಯಾಗ ಮುದಸ್ಸಿರ್, ಜಂಬಮ್ಮ ಕುಂತು ಲಕೋಟಿ ಮಾಡಾಕತ್ತಾರ. ಮುದಸ್ಸಿರ್ ಆಕಿ ಕ್ಲಾಸಿನ ಹುಡುಗ, ರಾಯಚೂರಿನವ. ಉಪವಾಸ ಹಿಡದಾನ, ಆದ್ರೂ ಬಾಯಿಗೆ ಬಿಡುವಿಲ್ಲ. ಜಂಬಮ್ಮ ಇವತ್ತು ತಾಲೀಮಿನಾಗ ಎರಡು ಲಕೋಟಿ ನಂಬರ್ ಅದಲು ಬದಲು ಮಾಡಿದ್ಳು. "ಗಡಿಬಿಡಿ ಮಾಡಬ್ಯಾಡ" ಅಂತ ಬೈದೆ. "ಹೂಂ ರೀ" ಅಂತ ಉಗುರು ಕಚ್ಚಿದ್ಳು. ಮುದಸ್ಸಿರ್ ಮೂರು ಅದಲು ಬದಲು ಮಾಡಿದ್ದ. ಅವನ್ನ ನಗಚಾಟ್ಲಿಗೆ ತಗೊಂಡ್ವಿ.

ಅವ್ವ ಬಾಜೂಕ ಕುಂತು ಎಲ್ಲಾ ನೋಡಾಕತ್ತಿದ್ಳು. ಇದೇನು ಮಕ್ಕಳ ಆಟ ಅಂತ ಕೇಳಿದ್ಳು. ತಿಳಿಸಿ ಹೇಳಿದೆ. ಕೇಳಿ ಕೇಳಿ ಅಂದ್ಳು, "ಅಂದ್ರ ಕಳ್ಳ ಹೊಕ್ಕಿದ್ದು ಗೊತ್ತಾಗ್ತದ, ಕಳ್ಳ ಯಾರು ಅಂತ ಗೊತ್ತಾಗಂಗಿಲ್ಲ?"

"ಇಲ್ಲಬೇ. ಯಾರು ಅಂತ ಬೇಕಾಗಿಲ್ಲ. ಆ ಕೀಲಿ ಬಿಸಾಕಿ ಹೊಸಾದು ಮಾಡಿದ್ರಾತು."

"ಬೆಂಕಿ ಹಚ್ಚು ನಿನ್ನ ಕೀಲಿಗೆ. ಕಳ್ಳ ಮನ್ಯಾಗಿನವನೇ ಆಗಿದ್ರ?"

ಮಕ್ಕಳು ನಕ್ಕರು. ಆಮ್ಯಾಲೆ ಅವ್ವ ತಾನು ಕಾಲುವಿ ಕೆಳಗ ಭತ್ತ ನಾಟಿ ಮಾಡಿದ್ದು, ಕೂಲಿ ಸಾಲಂಗಿಲ್ಲಂತ ಜಗಳಾಡಿದ್ದು ಸುರು ಮಾಡಿದ್ಳು. ಮಕ್ಕಳ ಮುಂದ ಅದೆಲ್ಲಾ ಯಾಕ ಬೇಕು? "ಒಳಗ ಹೋಗಿ ಬ್ಯಾಳಿ ನೋಡು" ಅಂತ ಎಬ್ಬಿಸಿ ಕಳಿಸಿದೆ.

೬ ಏಪ್ರಿಲ್, ಭಾನುವಾರ

ನಾಳಿಂದ ಮೂರು ದಿನ ರಾಯಚೂರಿನಾಗ ಮೇಳ. ನಮ್ಮ ಪ್ರಯೋಗಕ್ಕ ಪರೀಕ್ಷಾ ಹಿಂಗ: ಜಂಬಮ್ಮ ದೇವದುರ್ಗದಾಗ ತನ್ನ ಚಿಗವ್ವನ ಮನ್ಯಾಗ ಕುಂತು ದಿನಾ ಅರವತ್ತನಾಕು ಲಕೋಟಿ ತುಂಬಿ ಒಂದು ಪೆಟಿಗಿ ಕಟ್ಟಬೇಕು. ನಮ್ಮ ಅಟೆಂಡರ್ ಹುಸೇನಪ್ಪ ಅದನ್ನ ಮುಂಜಾನಿ ಬಸ್ಸಿಗೆ ತಂದು ರಾಯಚೂರು ಬಸ್‌ಸ್ಟ್ಯಾಂಡಿನಾಗ ನನ್ನ ಕೈಗೆ ಕೊಡಬೇಕು. ನಾನು ಹನ್ನೊಂದಕ್ಕ ತೀರ್ಪುಗಾರರ ಖೋಲಿಗೆ ಮುಟ್ಟಸಬೇಕು. ಅಲ್ಲಿ ಅವರು ಒಂದು ತಾಸು ಇಟ್ಕೊಂತಾರ, ಮನಸು ಬಂದ್ರ ಬಿಚ್ಚಿ ನೋಡ್ತಾರ, ಇಲ್ಲಾ ಬಿಡ್ತಾರ. ಆಮ್ಯಾಲೆ ಮುದಸ್ಸಿರ್ ಲಕೋಟಿ ತೆಗದು, ಫೋನಿನಾಗ ಜಂಬಮ್ಮನ ಜೋಡಿ ತಾಳಿ ನೋಡಿ, ನಡುವ ಯಾರರ ನೋಡ್ಯಾರೋ ಇಲ್ಲೋ ಅಂತ ಎಲ್ಲಾರ ಮುಂದ ಹೇಳಬೇಕು. ಮೂರು ದಿನಾನೂ ಸರಿ ಹೇಳಿದ್ರ ಗೆದ್ದಂಗ.

ಗೆದ್ದ ಪ್ರಯೋಗದ ಒಬ್ಬರಿಗೆ ಬೆಂಗಳೂರಿನ ಒಂದು ಪ್ರಯೋಗಾಲಯದಾಗ ಆರು ವಾರ ಕಲಿಯೋ ಅವಕಾಶ. ಅಲ್ಲಿ ಖರೇ ಫೋಟಾನು ಎಣಿಸೋ ಯಂತ್ರ ಅದ. ಮುದಸ್ಸಿರ್ ತಾನೇ ಅಂದ, "ವಿಚಾರ ಆಕಿದು, ಆಕಿನೇ ಹೋಗ್ಲಿ." ಜಂಬಮ್ಮ ಆ ಯಂತ್ರದ ಚಿತ್ರ ನೋಟ್‌ಬುಕ್ಕಿನಾಗ ಅಂಟಿಸಿ ಇಟ್ಕೊಂಡಾಳ. ಅಲ್ಲಿ ಹೋಗಿ ಬಂದ್ರ ಎಂಎಸ್ಸಿಗೆ ಹಾಕ್ತೀನಿ ಅಂತಾಳ. ಅವರಣ್ಣ ಅಮರೇಶ ಹತ್ತಿ ಜಿನ್ನಿಂಗ್ ಮಿಲ್ಲಿನಾಗ ಮಶೀನ್ ನೋಡ್ಕೊಂತಾನ, "ಯಂತ್ರದ ಕೆಲಸ ನಿನ್ನ ಕೈಲಿ ಆಗಂಗಿಲ್ಲ, ಬಿಎಡ್ ಮಾಡು" ಅಂತಾನಂತ.

ಒಂದು ಕರಾರು ಮೊದಲೇ ಬರದು ತೀರ್ಪುಗಾರರಿಗೆ ಕೊಟ್ಟೀವಿ. ಒಂದು ಬಣ್ಣ ತಪ್ಪಿದ್ರ ಕ್ಷಮಾ. ಎರಡು, ಅದಕ್ಕಿಂತ ಹೆಚ್ಚು ತಪ್ಪಿದ್ರ 'ಯಾರೋ ನೋಡ್ಯಾರ'.

೭ ಏಪ್ರಿಲ್, ಸೋಮವಾರ

ಅರವತ್ತನಾಕರಾಗ ಖರೇ ಬಾಯಿ ತೆಗದದ್ದು ಮೂವತ್ತೆರಡು, ಮೂವತ್ತೆರಡೂ ಕೂಡಿದ್ವು. 'ಯಾರೂ ನೋಡಿಲ್ಲ' ಅಂದ್ವಿ. ಸರಿ! ಅವರು ಬಿಚ್ಚಿದ್ದಿಲ್ಲ.

೮ ಏಪ್ರಿಲ್, ಮಂಗಳವಾರ

ಒಂಬತ್ತು ತಪ್ಪು. 'ನೋಡ್ಯಾರ' ಅಂದ ಮುದಸ್ಸಿರ್. ತೀರ್ಪುಗಾರರ ಹಿರಿಯರು ಸುಭಾಷ್ ಸರ್ ಎದ್ದು ನಿಂತು ಚಪ್ಪಾಳಿ ಹೊಡದ್ರು. ಮಂದಿ ಕೂಡಿದ್ದೇ ಕೂಡಿದ್ದು. ನನ್ನ ಕಾಲು ನೆಲದ ಮ್ಯಾಲೆ ಇದ್ದಿಲ್ಲ.

ಸಂಜಿಗೆ ಪ್ರಿನ್ಸಿಪಾಲರ ಫೋನು. "ನಾಳಿ ಒಂದು ಗೆದ್ದು ಬರ್ರಿ ನಾಗವೇಣಿ ಮೇಡಂ, ಮುಂದಿನ ವರ್ಷದ ಪಟ್ಟಿಯಾಗ ನಿಮ್ಮ ಹೆಸರು ಮೊದಲು ಇಡ್ತೀನಿ." ಫೋನು ಇಟ್ಟ ಮ್ಯಾಲೆ ನೆನಪಾತು. ಮುದಸ್ಸಿರ್ ಒಂದು ಮಾತು ಅಂದಿದ್ದ, ಬಿಸಲಿಗೆ ಎರಡು ಲಕೋಟ್ಯಾಗ ಟಿಕಳಿ ಅಂಟು ಬಿಟ್ಟು ಜಾರಿದ್ವಂತ. ನಾಳಿ ಇನ್ನೂ ಜಾರಿದ್ರ?

೯ ಏಪ್ರಿಲ್, ಬುಧವಾರ

ನಾನು ಮಾಡಿದ್ದು ತಪಾಸಣೆ. ತಾಲೀಮು ಕೊಟ್ಟಾಕಿ ತಪಾಸಣೆ ಮಾಡಬಾರದಂತ ಯಾವ ನಿಯಮದಾಗ ಅದ?

ಒಂಬತ್ತಕ್ಕ ಹುಸೇನಪ್ಪ ಪೆಟಿಗಿ ಕೊಟ್ಟು ಚಾ ಕುಡಿಯಾಕ ಹೋದ. ಪೆಟಿಗಿ ಮುಟ್ಟಿದ್ರ ಕೈ ಸುಡಾಕತ್ತಿತ್ತು, ಬಸ್ಸಿನ ಎಂಜಿನ್ ಬಾಜೂಕ ಇಟ್ಟಿದ್ದನೋ ಏನೋ. ಹೆಂಗಸರ ವಿಶ್ರಾಂತಿ ಖೋಲ್ಯಾಗ ಹೋಗಿ ಕುಂತೆ. ಒಂದೇ ಲಕೋಟಿ ನೋಡೋಣ ಅಂತ ತೆಗದೆ. ಟಿಕಳಿ ಸರಿ ಇತ್ತು. ಇನ್ನೊಂದು ತೆಗದೆ, ಜಾರಿತ್ತು. ಆಮ್ಯಾಲೆ ಕೈ ನಿಲ್ಲಲಿಲ್ಲ. ಒಂದರಿಂದ ಸುರು ಮಾಡಿ ಮೂವತ್ತರ ತನಕ ತೆಗದೆ. ಜಾರಿದ್ದು ಎರಡೇ ಎರಡು. ಖಾಲಿ ಲಕೋಟಿ, ಟಿಕಳಿ ಚೀಟಿ ಎಲ್ಲಾ ನನ್ನ ಚೀಲದಾಗೇ ಇದ್ವು, ನಾವೇ ಮಾಡಿದ್ವಲ್ಲ. ಕಂಡ ಬಣ್ಣ ಕಂಡಲ್ಲಿ ಹಚ್ಚಿದೆ, ಕಾಣದ್ದು ಊಹಿಸಿ ಹಚ್ಚಿದೆ. ಅಂಟಿನ ಬಾಟ್ಲಿ ಮುದಸ್ಸಿರ್ ಕಡೆ ಇತ್ತು. ಡಬ್ಬ್ಯಾಗಿನ ಅನ್ನದ ಅಗುಳು ತಿಕ್ಕಿ ಬಾಯಿ ಮುಚ್ಚಿದೆ. ಲೆಕ್ಕ ಹಾಕಿದ್ದೆ: ಮೂವತ್ತರಾಗ ಅರ್ಧ ಹೆಂಗೂ ಬಿಟ್ಟು ಹೋಗ್ತಾವ, ಉಳಿದ ಹದಿನೈದರಾಗ ಮೂರೋ ನಾಕೋ ತಪ್ಪಬೌದು. ಬಿಸಲಿನ ಮ್ಯಾಲೆ ಹಾಕಿದ್ರಾತು ಅಂದ್ಕೊಂಡೆ.

ನಾಕು ತಪ್ಪಿದ್ವು.

ಮುದಸ್ಸಿರ್ ನನ್ನ ಮಾರಿ ನೋಡಿದ. "ಬಿಸಲಿಗೆ ಸರದಿರಬೇಕು, ಯಾರೂ ನೋಡಿಲ್ಲ ಅಂತ ಹೇಳು" ಅಂದೆ. ಫೋನು ಎಲ್ಲಾರಿಗೂ ಕೇಳಂಗ ಇಟ್ಟಿದ್ವಿ. ಆ ಕಡಿಂದ ಜಂಬಮ್ಮ ಅಂದ್ಳು, "ಇಲ್ರಿ ಮೇಡಂ. ಬರದು ಕೊಟ್ಟೀವಿ. ಬಿಸಲಿಗೆ ಆಗಿದ್ದೂ ಕಳ್ಳ ಮಾಡಿದ್ದು ಅಂತನೇ ಹಿಡಿಬೇಕು ಅಂತ ನೀವೇ ಕಲಿಸೀರಿ. ಯಾರೋ ನೋಡ್ಯಾರ."

ಸುಭಾಷ್ ಸರ್ ತಲಿ ಅಲ್ಲಾಡಿಸಿದ್ರು. "ನಾವು ಇವತ್ತು ಮುಟ್ಟೇ ಇಲ್ಲ."

ಹುಡುಗಿ ಲಕೋಟಿ ತುಂಬೋದ್ರಾಗ ತಪ್ಪು ಮಾಡಿರಬೇಕಲ್ರಿ ಅಂತ ಸರ್ ನನ್ನ ಕೇಳಿದ್ರು. ನಾನು ಅಂದೆ, "ಹೌದ್ರಿ ಸರ್. ಆಕಿದು ಮೊದಲಿಂದ ಗಡಿಬಿಡಿ ಸ್ವಭಾವ."

ಫೋನು ಇನ್ನೂ ಚಾಲೂ ಇತ್ತು.

೧೦ ಏಪ್ರಿಲ್, ಗುರುವಾರ

ಸೌರ ಒಲಿ ಮಾಡಿದ ಬ್ಯಾರೆ ಕಾಲೇಜಿನವರು ಗೆದ್ದರು. ಅವ್ವ ಎರಡು ಸಲ ಕೇಳಿದ್ಳು, ಏನಾತು ಅಂತ. ತಲಿ ನೋಯಾಕತ್ತದ ಅಂದೆ.

೧೧ ಏಪ್ರಿಲ್, ಶುಕ್ರವಾರ

ಪ್ರಿನ್ಸಿಪಾಲರು ಹುಸೇನಪ್ಪನ್ನ ಕರಸಿದ್ರು. ನಾನೂ ಅಲ್ಲೇ ಕುಂತಿದ್ದೆ. "ಪೆಟಿಗಿ ದಾರ್ಯಾಗ ಬಿಚ್ಚಿದ್ದೇನು?" ಅಂತ ಕೇಳಿದ್ರು. ಇಪ್ಪತ್ತೆರಡು ವರ್ಷದ ಅಟೆಂಡರ್, ಪರೀಕ್ಷಾ ಪೇಪರಿನ ಬಂಡಲ್ ಎಷ್ಟು ಹೊತ್ತಾನೋ ಏನೋ. ಕೈ ಮುಗದು ನಿಂತ.

"ಸಾಹೇಬ್ರ, ನನ್ನ ತೊಡಿ ಮ್ಯಾಲೆ ಇಟ್ಕೊಂಡು ಬಂದೀನ್ರಿ. ಎಂಜಿನ್ ಬಾಜೂಕ ಸೀಟು ಸಿಕ್ಕಿತ್ತು, ಬಿಸಿ ತಾಗಬಾರದಂತ ಟವೆಲ್ ಸುತ್ತಿದ್ದೆ. ಮೇಡಮ್ಮೋರ ಕೈಯಾಗ ಕೊಟ್ಟೆ. ಕೇಳ್ರಿ ಬೇಕಾದ್ರ."

ಪ್ರಿನ್ಸಿಪಾಲರು ನನ್ನ ಕಡೆ ನೋಡಿದ್ರು. ಪೆಟಿಗಿ ಸರಿಯಾಗೇ ಕೊಟ್ಟಾನ ಅಂದೆ. ಅಷ್ಟೇ ಅಂದೆ. "ಹೋಗ್ಲಿ, ಇನ್ನ ಮ್ಯಾಲೆ ಇಂಥಾ ಸಾಮಾನು ಇವನ ಕೈಯಾಗ ಕೊಡಬ್ಯಾಡ್ರಿ" ಅಂತ ಹೇಳಿ ಕಳಿಸಿದ್ರು. ಹೊರಗ ವರಾಂಡದಾಗ ಅಂವ ಕಟ್ಟಿ ಮ್ಯಾಲೆ ಕುಂತು ರೊಟ್ಟಿ ಗಂಟು ಬಿಚ್ಚಿದ, ಉಣ್ಣಲಿಲ್ಲ, ಮತ್ತ ಕಟ್ಟಿದ. ನಾನು ಬಾಜೂಕಿನಿಂದ ಹಾದು ಬಂದೆ. ಹಲ್ಕಾ ಹೆಂಗಸು ನಾನು.

೧೪ ಏಪ್ರಿಲ್, ಸೋಮವಾರ

ಜಯಂತಿ. ನಮ್ಮ ಓಣ್ಯಾಗ ನೀಲಿ ಝಂಡಾ, ಮೈಕು, ಮಕ್ಕಳಿಗೆ ಮಿಠಾಯಿ. ಪ್ರತಿ ವರ್ಷದಂಗ ನನ್ನ ವೇದಿಕಿ ಮ್ಯಾಲೆ ಕರದ್ರು: "ನಮ್ಮ ಗೋಪಮ್ಮನ ಮಗಳು, ಸೈನ್ಸ್ ಲೆಕ್ಚರರ್, ಮಕ್ಕಳಿಗೆ ನಾಕು ಮಾತು ಹೇಳ್ತಾಳ." ಹೋದ ವರ್ಷ ಅರ್ಧ ತಾಸು ಮಾತಾಡಿದ್ದೆ. 'ಯಾರೂ ನಮ್ಮನ್ನ ನಂಬಲಿಲ್ಲ, ಆದ್ರೂ ನಾವು ಓದಿದ್ವಿ' ಅಂತೆಲ್ಲಾ.

ಇವತ್ತು ಮೈಕ್ ಹಿಡದು ನಿಂತೆ, ಮಾತು ಬರಲಿಲ್ಲ. ಎಂಎಸ್ಸಿ ಮಾಡೋ ಮುಂದ ನಮ್ಮ ಗೈಡು ನನ್ನ ಅಳತಿ ಒಂದೂ ನಂಬದ ತಾವೇ ಮತ್ತೊಮ್ಮಿ ತಗದಿದ್ರು. ಬಾಜೂ ಟೇಬಲಿನ ಹುಡುಗನ್ನ ಅಳತಿಗೆ ಹಂಗೇ ಸಹಿ ಹಾಕಿದ್ರು. ಅವತ್ತು ಬಚ್ಚಲದಾಗ ನಿಂತು ಅತ್ತಿದ್ದೆ. ಅದೇ ನೆನಪಾಗಿ ನಾಲಿಗಿ ಕಚ್ಚಿಕೊಂಡಂಗಾತು. ಪೆಟಿಗಿ ಮುದಸ್ಸಿರ್ ಕಟ್ಟಿದ್ದರ ನಾನು ಬಿಚ್ಚುತಿದ್ದಿಲ್ಲ. ಅಂವ ಮೂರು ತಪ್ಪು ಮಾಡಿದ್ರೂ ನಕ್ಕಿದ್ದೆ. ಜಂಬಮ್ಮ ಯಾರ ಮಗಳು, ಎಂಥಾ ಮನಿಯಿಂದ ಬಂದಾಳ ಅಂತ ಗೊತ್ತಿದ್ದಕ್ಕೇ ಆಕಿ ಕೈಮ್ಯಾಲೆ ನನಗ ನಂಬಿಗಿ ಬರಲಿಲ್ಲ. ನನ್ನಂಥಾ ಮನಿ ಆಕಿದು.

"ಚೆಂದಗೆ ಓದ್ರಿ" ಅಂದು ಕೆಳಗ ಇಳದೆ.

೧೯ ಏಪ್ರಿಲ್, ಶನಿವಾರ

ಜಂಬಮ್ಮ ಹತ್ತು ದಿನದ ಮ್ಯಾಲೆ ಲ್ಯಾಬಿಗೆ ಬಂದ್ಳು. ಕೈಯಾಗ ಒಂದು ಹಾಳಿ.

"ಮೇಡಂ, ತಪ್ಪಿದ ನಾಕರ ನಂಬರ್ ನೋಡ್ರಿ. ಐದು, ಹನ್ನೆರಡು, ಹತ್ತೊಂಬತ್ತು, ಇಪ್ಪತ್ತೆಂಟು. ಮೂವತ್ತರ ಆಚಿ ಒಂದೂ ತಪ್ಪಿಲ್ಲ. ನಾನು ಗಡಿಬಿಡಿ ಮಾಡಿದ್ದರ ತಪ್ಪು ಎಲ್ಲಾ ಕಡೆ ಚೆಲ್ಲಿರ್ತಿದ್ವಲ್ರಿ. ಯಾರೋ ಒಂದರಿಂದ ಸುರು ಮಾಡಿ ಮೂವತ್ತರ ತನಕ ನೋಡಿ ಬಿಟ್ಟಾರ."

ಅಷ್ಟು ಚೊಲೊ ವಿಚಾರ ನನ್ನ ವಿದ್ಯಾರ್ಥಿ ಯಾರೂ ಇಷ್ಟು ವರ್ಷದಾಗ ಮಾಡಿದ್ದಿಲ್ಲ. ಎದ್ದು ಬೆನ್ನು ಚಪ್ಪರಿಸಬೇಕಿತ್ತು. "ನಾಕೇ ತಪ್ಪಿನ ಮ್ಯಾಲೆ ಹಂಗ ಹೇಳಾಕ ಬರಂಗಿಲ್ಲ, ಆಕಸ್ಮಿಕ ಇರಬೌದು" ಅಂದೆ.

ಆಕಿ ಹಾಳಿ ಮಡಚಿದ್ಳು. "ಹೂಂ ರೀ" ಅಂದ್ಳು. ಬಾಗಿಲದಾಗ ನಿಂತು, "ಎಂಎಸ್ಸಿ ಫಾರ್ಮ್ ತುಂಬಂಗಿಲ್ರಿ ಮೇಡಂ. ಅಣ್ಣನೂ ಪೇಪರಿನಾಗ ಓದ್ಯಾನ, ನಾನು ಗಡಿಬಿಡಿ ಮಾಡಿ ಸೋತಿದ್ದು" ಅಂದ್ಳು. ಹೌದು, ಸ್ಥಳೀಯ ಪತ್ರಿಕಿಯಾಗ ಬಂದಿತ್ತು. 'ವಿದ್ಯಾರ್ಥಿನಿಯ ಅವಸರದಿಂದ ಕೈತಪ್ಪಿದ ಬಹುಮಾನ.' ನನ್ನ ಮಾತೇ ಅಚ್ಚಾಗಿತ್ತು.

೨೬ ಏಪ್ರಿಲ್, ಶನಿವಾರ

ಹೇಳಬೇಕಂತ ಗೂಗಲ್‌ಗೆ ಹೋದೆ. ಹಾಸ್ಟೆಲ್ ಬಿಟ್ಟು ಊರಿಗೆ ಹೋಗ್ಯಾಳಂತ ಮುದಸ್ಸಿರ್ ಹೇಳಿದ್ದ. ದೇವದುರ್ಗದಾಗ ಬಸ್ ಬದಲಿಸಿ, ಆಟೋದಾಗ ಮೊಣಕಾಲು ಮಡಚಿ ಕುಂತು ಮುಟ್ಟೋತನಕ ಮಾತು ಜೋಡಿಸಿಕೊಂಡಿದ್ದೆ. ಅಲ್ಲಮಪ್ರಭು ಗುಡಿ ಮುಂದ ಇಳದೆ. ಜಂಬಮ್ಮನ ಅವ್ವ ನನ್ನ ನೋಡಿ ಸೀರಿ ಸರಿ ಮಾಡ್ಕೊಂಡು ಓಡಿ ಬಂದ್ಳು, "ಯವ್ವಾ, ಮೇಡಮ್ಮೋರು ನಮ್ಮ ಮನಿಗೆ!" ಅಂತ. ನೆರಳಿಗೆ ಚಾಪಿ ಹಾಸಿದ್ಳು, ಜ್ವಾಳದ ರೊಟ್ಟಿ, ಪುಂಡಿಪಲ್ಯ ಇಟ್ಟಳು.

"ನನ ಮಗಳು ನಿಮಗ ಅವಮಾನ ಮಾಡಿಬಿಟ್ಲಂತಲ್ರಿ, ಅಷ್ಟು ಮಂದ್ಯಾಗ. ಹೊಟ್ಯಾಗ ಹಾಕ್ಕೊಳ್ರಿ ಯವ್ವಾ" ಅಂದ್ಳು.

ಜಂಬಮ್ಮ ನೀರು ತಂದು ಕೊಟ್ಟು ಕಂಬಕ್ಕ ಆತು ನಿಂತಳು. ನನ್ನ ಮಾರಿನೇ ನೋಡಾಕತ್ತಿದ್ಳು, ಏನೋ ಕಾಯಾಕತ್ತವರಂಗ. ಈಗ ಹೇಳ್ತೀನಿ, ಈ ತುತ್ತು ನುಂಗಿ ಹೇಳ್ತೀನಿ ಅಂತ ಎರಡು ರೊಟ್ಟಿ ತಿಂದೆ. ಹೇಳಲಿಲ್ಲ. ಹೊಳಿ ನೋಡಾಕ ಬಂದಿದ್ದೆ ಅಂತ ಸುಳ್ಳು ಹೇಳಿ ಎದ್ದು ಬಂದೆ.

೨೮ ಏಪ್ರಿಲ್, ಸೋಮವಾರ

ಅವ್ವ ನನ್ನ ಡಬ್ಬಿ ತೊಳಿಯಾಕ ತಗೊಂಡು, "ಅನ್ನ ಯಾಕ ಹಂಗೇ ತರಾಕತ್ತಿ ದಿನಾ?" ಅಂತ ಕೇಳಿದ್ಳು. ಅನ್ನ ಬ್ಯಾಡ, ರೊಟ್ಟಿ ಕಟ್ಟು ಅಂದೆ. ಆಕಿ ನನ್ನ ಮಾರಿ ನೋಡಿದ್ಳು. ಆಮ್ಯಾಲೆ ನಾನೇ ಎಲ್ಲಾ ಹೇಳಿದೆ. ಮುಗದ ಮ್ಯಾಲೆ ಬೈತಾಳ ಅಂದ್ಕೊಂಡಿದ್ದೆ.

"ನನಗ ಹೇಳಿ ಏನು ಮಾಡ್ತಿ? ಸೋತಾಕಿ ನಾನಲ್ಲ" ಅಂದ್ಳು. ಡಬ್ಬಿ ತೊಳದು ಬೋರಲು ಹಾಕಿದ್ಳು.

೩ ಮೇ, ಶನಿವಾರ

ಇವತ್ತು ಹೇಳಿದೆ. ಆದಂಗ ಬರದಿಡ್ತೀನಿ.

ಮೊದಲು ಸುಭಾಷ್ ಸರ್‌ಗೆ ಪತ್ರ ಬರದೆ. 'ಮೂರನೇ ಪೆಟಿಗಿಯನ್ನ ಬಸ್ ನಿಲ್ದಾಣದಲ್ಲಿ ಬಿಚ್ಚಿ ನೋಡಿದವಳು ನಾನು. ಜಂಬಮ್ಮ ಹೇಳಿದ ಉತ್ತರ ಸರಿಯಾಗಿತ್ತು. ಹುಸೇನಪ್ಪನವರದೂ ತಪ್ಪಿಲ್ಲ.' ಸಹಿ ಹಾಕಿ ಮೂರು ಪ್ರತಿ ಮಾಡಿದೆ. ಒಂದನ್ನ ಪ್ರಿನ್ಸಿಪಾಲರ ಟೇಬಲ್ ಮ್ಯಾಲೆ ಇಟ್ಟೆ. ಓದಿ ಕನ್ನಡಕ ತೆಗದು, "ಇದನ್ನ ಹರದು ಹಾಕಿದ್ರ ಯಾರಿಗೂ ಗೊತ್ತಾಗಂಗಿಲ್ಲಲ್ರಿ ಮೇಡಂ" ಅಂದ್ರು. ಹರಿಬ್ಯಾಡ್ರಿ ಅಂದೆ. "ಹಂಗಾದ್ರ ಮುಂದಿನ ವರ್ಷದ ಪಟ್ಟಿ ನನ್ನ ಕೈಯಾಗ ಇಲ್ಲ ನೋಡ್ರಿ" ಅಂದ್ರು.

ಹುಸೇನಪ್ಪ ಗಂಟಿ ಹೊಡಿಯೋ ಜಾಗದಾಗ ಕುಂತಿದ್ರು. ಬಾಜ್ಯಾಗ ಕುಂತೆ. ಗಾಬರ್ಯಾಗಿ ಎದ್ದು ನಿಂತ್ರು. "ಕುಂದರ್ರಿ ಕಾಕಾ" ಅಂತ ಕೈ ಹಿಡದು ಕುಂದರಿಸಿ ಹೇಳಿದೆ. "ನೀವಿದ್ದೀರಂತ ನಾನು ಧೈರ್ಯದಾಗ ಇದ್ನಿರಿ ಅವತ್ತು. ಮೇಡಮ್ಮೋರ ಕೇಳ್ರಿ ಅಂದೆ" ಅಂದ್ರು. ಬೈದಿದ್ದರ ಚೊಲೊ ಇತ್ತು.

ಮಧ್ಯಾಹ್ನ ಗೂಗಲ್. ಈ ಸಲ ಚಾಪಿ ಮ್ಯಾಲೆ ಕುಂದರಲಿಲ್ಲ, ನಿಂತೇ ಆಕಿ ಅವ್ವನ ಮುಂದ, ಅಣ್ಣ ಅಮರೇಶನ ಮುಂದ ಪತ್ರ ಓದಿದೆ. ಅಮರೇಶ ಎದ್ದು ಹೊರಗ ಹೋಗಿಬಿಟ್ಟ. ಅವ್ವ ಸೆರಗು ಬಾಯಿಗೆ ಹಿಡದ್ಳು. ಜಂಬಮ್ಮ ಮಾತ್ರ ಅಲ್ಲಾಡಲಿಲ್ಲ.

"ಗೊತ್ತಿತ್ರಿ ಮೇಡಂ" ಅಂದ್ಳು.

"ಯಾವಾಗಿಂದ?"

"ಮೇಳದ ಮರುದಿನ. ಮುದಸ್ಸಿರ್ ತೆರದ ಲಕೋಟಿ ಎಲ್ಲಾ ಚೀಲದಾಗ ಹಾಕಿ ಕೊಟ್ಟಿದ್ದ. ಮೂವತ್ತಕ್ಕ ಅನ್ನದ ಅಗುಳು ಹತ್ತಿ ಒಣಗಿತ್ತು. ಹುಸೇನಪ್ಪ ಕಾಕಾ ರೊಟ್ಟಿ ಬಿಟ್ಟು ಏನೂ ತರಂಗಿಲ್ಲ."

ನೆಲ ಬಾಯಿ ಬಿಡಬಾರದಾ ಅನಿಸ್ತು. "ಹಂಗಾದ್ರ ಅವತ್ತು ಹಾಳಿ ತಂದಾಗ ಯಾಕ ಹೇಳಲಿಲ್ಲ? ಎಲ್ಲಾರ ಮುಂದ ಯಾಕ ಹೇಳಲಿಲ್ಲ ನೀನು?"

"ಯಾರು ನೋಡಿದ್ರು ಅಂತ ಈ ಪದ್ಧತಿ ಹೇಳಂಗಿಲ್ಲ ಅಂತ ನೀವೇ ಕಲಿಸಿದ್ದು ಮೇಡಂ. ನೀವೇ ಹೇಳ್ತೀರೇನೋ ಅಂತ ಕಾದೆ. ಹಾಳಿ ಅದಕ್ಕೇ ತಂದಿದ್ದೆ. ಮನಿಗೆ ಬಂದಾಗ ಹೇಳ್ತೀರಿ ಅಂದ್ಕೊಂಡೆ." ಉಗುರು ಕಚ್ಚಾಕ ಕೈ ಬಾಯಿಗೆ ಒಯ್ದು, ಬಿಟ್ಟಳು. "ನೀವು ಎರಡು ರೊಟ್ಟಿ ತಿಂದು ಹೋದ್ರಿ."



೯ ಮೇ, ಶುಕ್ರವಾರ

ಸುಭಾಷ್ ಸರ್ ಉತ್ತರ ಬಂತು. ಬೆಂಗಳೂರಿನ ಜಾಗ ತುಂಬಿ ಹೋಗೇದ, ಈ ವರ್ಷ ಏನೂ ಮಾಡಾಕ ಬರಂಗಿಲ್ಲ. ಆದ್ರ ೧೩ಕ್ಕ ರಾಯಚೂರಿನಾಗ ಜಿಲ್ಲೆಯ ಶಿಕ್ಷಕರ ಸಭಾ ಅದ, ಅಲ್ಲಿ ಅದೇ ಪ್ರಯೋಗ ಮತ್ತೊಮ್ಮಿ ಮಾಡ್ರಿ, ವಿದ್ಯಾರ್ಥಿನಿಯ ಉತ್ತರ ಸರಿ ಇತ್ತಂತ ನಾನೇ ಎಲ್ಲಾರ ಮುಂದ ಹೇಳ್ತೀನಿ, ಪತ್ರಿಕಿಯವರನ್ನೂ ಕರಿತೀನಿ ಅಂತ ಬರದಾರ. ನನ್ನ ಬಗ್ಗೆ ಒಂದು ಸಾಲೂ ಇಲ್ಲ.

ಜಂಬಮ್ಮಗ ಫೋನು ಮಾಡಿದೆ. "ಹೂಂ ರೀ, ಹೊಸಾ ಪೆಟಿಗಿ ಕಟ್ತೀನಿ" ಅಂದ್ಳು. ಎಂಎಸ್ಸಿ ಫಾರ್ಮ್ ಕೇಳಿದೆ. ತುಂಬಾಕತ್ತೀನಿ ಅಂದ್ಳು. ಶಿಫಾರಸು ಪತ್ರ ಬರದು ಕೊಡಲೇನು ಅಂದೆ. "ಗಣಿತದ ಸರ್ ಕಡಿಂದ ತಗೊಂಡೀನ್ರಿ" ಅಂದ್ಳು.

೧೩ ಮೇ, ಮಂಗಳವಾರ

ಅವ್ವ ಬೆಳಗ್ಗೆ ರೊಟ್ಟಿ ಕಟ್ಟಿಕೊಟ್ಟು, ಹುಸೇನಪ್ಪಗೂ ಮಕ್ಕಳಿಗೂ ಸಾಲಬೇಕು ಅಂತ ನಾಕು ಹೆಚ್ಚಿಗೆ ಇಟ್ಟಳು. ತಾನೂ ಬರ್ತೀನಿ ಅಂದ್ಳು, ಕರಕೊಂಡು ಹೋದೆ. ಬಸ್ಸಿನಾಗ ಬಾಜೂ ಸೀಟಿನಾಕಿಗೆ ನಾಟಿ ಕಥಿ ಎಲ್ಲಾ ಹೇಳಿದ್ಳು. ನಾನೂ ಕೇಳ್ಕೋತ ಕುಂತೆ. ಕೂಲಿ ಜಗಳದಾಗ ಅವ್ವ ಗೆದ್ದಿದ್ಳು ಅಂತ ನನಗ ಇವತ್ತೇ ಗೊತ್ತಾತು.

ದೇವದುರ್ಗ ಬಸ್‌ಸ್ಟ್ಯಾಂಡಿನಾಗ ಹುಸೇನಪ್ಪ ಕಾಕಾ ಮೊದಲೇ ಬಂದು ನಿಂತಿದ್ರು, ಇಸ್ತ್ರಿ ಮಾಡಿದ ಅಂಗಿ. ಪ್ರಿನ್ಸಿಪಾಲರು ಬ್ಯಾಡ ಅಂದಿದ್ರೂ ಬಂದಿದ್ರು, ರಜಾ ಹಾಕಿ. ಆಮ್ಯಾಲೆ ಜಂಬಮ್ಮ ಬಂದ್ಳು, ಪೆಟಿಗಿ ಬಿಳಿ ಅರಿವ್ಯಾಗ ಕಟ್ಟಿ ಎದಿಗೆ ಒತ್ತಿ ಹಿಡಕೊಂಡು. ಈ ಸಲ ಅಣ್ಣನೂ ಜೋಡಿ ಬಂದಿದ್ದ. ನನ್ನ ಕಡೆ ನೋಡಲಿಲ್ಲ.

ರಾಯಚೂರು ಬಸ್ ಬಂತು. ಮಂದಿ ನುಗ್ಗಾಕತ್ತರು. ನಾನು ಎರಡೂ ಕೈ ಮುಂದ ಮಾಡಿದೆ, "ತಾ ಜಂಬಮ್ಮ" ಅಂದೆ. ಆಕಿ ನನ್ನ ಕೈ ನೋಡಿದ್ಳು, ಮಾರಿ ನೋಡಿದ್ಳು. ಸಿಟ್ಟಿದ್ದಿಲ್ಲ ಆಕಿ ಮಾರ್ಯಾಗ.

"ಮೇಡಂ, ನೀವು ಮುಂದ ಹತ್ತಿ ಸೀಟು ಹಿಡೀರಿ" ಅಂದ್ಳು. ಪೆಟಿಗಿ ಹುಸೇನಪ್ಪ ಕಾಕಾನ ಕೈಯಾಗ ಇಟ್ಟಳು.

ಸರಿ ಅಂದೆ. ಹತ್ತಿ ಎಂಜಿನ್‌ದಿಂದ ದೂರ, ಕಿಟಕಿ ಬಾಜೂಕ, ಬಿಸಲು ಬೀಳದ ಕಡೆ ಸೀಟಿಗೆ ಟವೆಲ್ ಹಾಕಿ ಹಿಡದೆ. ಕಾಕಾ ಅಲ್ಲಿ ಕುಂತರು, ಪೆಟಿಗಿ ತೊಡಿ ಮ್ಯಾಲೆ. ನಾನು ಅವ್ವನ ಜೋಡಿ ಹಿಂದಿನ ಸೀಟಿನಾಗ ಕುಂತೆ. ರಾಯಚೂರು ಬರೋತನಕ ಅವರ ತೊಡಿ ಮ್ಯಾಲಿನ ಬಿಳಿ ಗಂಟನ್ನೇ ನೋಡ್ಕೋತ ಬಂದೆ.

ಅಷ್ಟು ಶಿಕ್ಷಕರ ಮುಂದ ಮುದಸ್ಸಿರ್ ಒಂದೊಂದೇ ಲಕೋಟಿ ತೆಗದ. ದೇವದುರ್ಗದಾಗ ಚಿಗವ್ವನ ಮನ್ಯಾಗ ಉಳಿದಿದ್ದ ಜಂಬಮ್ಮನ ದನಿ ಫೋನಿನಾಗ ಖಡಕ್ ಇತ್ತು. ಮೂವತ್ತಮೂರಕ್ಕ ಮೂವತ್ತಮೂರೂ ಬಣ್ಣ ಕೂಡಿದ್ವು. "ಯಾರೂ ನೋಡಿಲ್ಲ" ಅಂದ್ಳು ಆಕಿ, ಹೌದು ಅಂದ್ರು ಸುಭಾಷ್ ಸರ್, ಮೇಳದಾಗೂ ಆಕಿ ಉತ್ತರ ಸರಿನೇ ಇತ್ತಂತ ಪತ್ರಿಕಿಯವರ ಮುಂದ ಹೇಳಿದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು, ನಾನೂ ಹೊಡದೆ. ಪೆಟಿಗಿ ಇವತ್ತು ನಾನು ಮುಟ್ಟಿದ್ದಿಲ್ಲ.